ಹತ್ತೂವರೆಯ ನೀರು

“ಉಚ್ಚೆ ಹುಯ್ಯೋಕೆ ಸಂಬಳ ಕೊಡ್ತಿಲ್ಲ ಕಣಮ್ಮೋ, ಕಸ ಗುಡ್ಸೋಕೆ ಕೊಡ್ತಿರೋದು. ನಿಂತ್ಕೋ ಲೈನಲ್ಲಿ!”

ಮೇಸ್ತ್ರಿ ಸೀನ ಹೀಗೆ ಕಿರುಚಿದ್ದು ನಮ್ಮ ಅಮೃತಮ್ಮನ ಮೇಲೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡು, ಪಕ್ಕದಲ್ಲೇ ಹೂವು ಕೊಳ್ಳುವ ಜನ. ಬೆಳಗ್ಗೆ ಹತ್ತೂವರೆಗೆ ನಮ್ಮ ಎರಡನೇ ಹಾಜರಿ. ಸೀನ ಒಬ್ಬೊಬ್ಬರ ಮುಖಕ್ಕೂ ಮೊಬೈಲು ಹಿಡಿಯುತ್ತಾನೆ. ಅದು ಮುಖ ಗುರುತಿಸಿದರೆ ನಾವು ಕೆಲಸಕ್ಕೆ ಬಂದಿದ್ದೇವೆ ಎಂದು ಲೆಕ್ಕ. ಆರೂವರೆಯಿಂದ ಗುಡಿಸಿ ಧೂಳು ಮೆತ್ತಿಕೊಂಡ ಮುಖವನ್ನು ಆ ದರಿದ್ರದ್ದು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಒರೆಸಿಕೊಂಡು ಮತ್ತೆ ನಿಲ್ಲಬೇಕು. ಆ ಹೊತ್ತಿಗೆ ಲೈನು ಬಿಟ್ಟವಳಿಗೆ ಗೈರುಹಾಜರಿ.

“ಸೀನಣ್ಣ, ಎರಡೇ ನಿಮಿಷ ಕಣಣ್ಣ. ತಡಿಯೋಕಾಗ್ತಿಲ್ಲ.”

ಐವತ್ತನಾಲ್ಕು ವರ್ಷದ ಹೆಂಗಸು ಮೂವತ್ತರ ಹುಡುಗನ ಮುಂದೆ ಕಾಲು ಹೆಣೆದುಕೊಂಡು ನಿಂತಿದ್ದಳು.

“ಇಷ್ಟು ವರ್ಷ ತಡ್ಕೊಂಡಿದ್ಯಲ್ಲ, ಈಗೇನ್ ಬಂತು ರೋಗ?”

ರೋಗವೇ ಬಂದಿತ್ತು. ಹಿಂದಿನ ವಾರ ಜ್ವರವೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಒಂದು ಕಿಡ್ನಿ ಕೆಟ್ಟುಹೋಗಿದೆ, ಇನ್ನೊಂದು ಉಳಿಯಬೇಕಾದರೆ ಗಂಟೆಗೊಂದು ಲೋಟ ನೀರು ಕುಡಿಯಲೇಬೇಕು, ಬಂದಾಗ ಹೋಗಲೇಬೇಕು, ತಡೆದರೆ ಜೀವಕ್ಕೆ ಅಪಾಯ ಎಂದು ಡಾಕ್ಟರಮ್ಮ ಹೇಳಿದರು. “ನೀರೇ ಕುಡೀತಿರ್ಲಿಲ್ವೇನಮ್ಮ?” ಎಂದು ಅವರು ಕೇಳಿದಾಗ ಅಮೃತಮ್ಮ ನನ್ನ ಮುಖ ನೋಡಿದಳು.

ಹೇಳಿಬಿಡುತ್ತೇನೆ. ನೀರು ಕುಡಿಯಬೇಡವೆಂದು ಅವಳಿಗೆ ಕಲಿಸಿದವಳು ನಾನೇ, ಈ ಆದಿಲಕ್ಷ್ಮಿ. ಇಪ್ಪತ್ತೆರಡು ವರ್ಷದ ಹಿಂದೆ ನನಗೆ ನನ್ನ ಅತ್ತೆ ಕಲಿಸಿದ್ದಳು. ಹೊಸಬಳು ಪೊರಕೆ ಹಿಡಿದ ದಿನ ನಾವು ಹೇಳಿಕೊಡುವ ಮೊದಲ ಪಾಠ ಇದು. ರಾತ್ರಿ ಉಂಡ ಮೇಲೆ ನೀರು ಮುಟ್ಟಬೇಡ, ಬೆಳಗ್ಗೆ ಅರ್ಧ ಲೋಟ ಟೀ ಸಾಕು, ಗಂಟಲು ಒಣಗಿದರೆ ಎಲೆಅಡಿಕೆ ಹಾಕ್ಕೋ, ಎರಡು ಗಂಟೆಗೆ ಮನೆಗೆ ಹೋಗಿ ಎಷ್ಟು ಬೇಕಾದರೂ ಕುಡಿ. ಇದನ್ನು ಜಾಣತನ ಎಂದುಕೊಂಡಿದ್ದೆ. ನನ್ನ ಜಾಣತನಕ್ಕೆ ಬೆಂಕಿ ಹಾಕ! ಕಡಿಮೆಯೆಂದರೂ ಮೂವತ್ತು ಹೆಂಗಸರಿಗೆ ಈ ಪಾಠ ಹೇಳಿದ್ದೇನೆ.

ಹಾಜರಿ ಮುಗಿಯುತ್ತಲೇ ಅವಳನ್ನು ರಾಮಲಕ್ಷ್ಮಮ್ಮನವರ ಗೇಟಿಗೆ ಎಳೆದುಕೊಂಡು ಹೋದೆ. ಅವರು ಹಳೇ ಹಳ್ಳಿಯ ಜಮೀನಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಮನೆ, ಹನ್ನೊಂದು ಬಾಡಿಗೆ ಸಂಸಾರ. ಹದಿನಾರು ವರ್ಷದಿಂದ ಅವರ ಬಾಗಿಲ ಮುಂದೆ ಅಮೃತಮ್ಮ ಗುಡಿಸಿದ ಮೇಲೇ ಅವರು ರಂಗೋಲಿ ಇಡುವುದು.

“ಅಮ್ಮಾವ್ರೇ, ಒಂದ್ಸಲ ಬಾತ್ರೂಮಿಗೆ ಬಿಡ್ತೀರಾ?”

ರಾಮಲಕ್ಷ್ಮಮ್ಮ ಕೆಟ್ಟವರಲ್ಲ. ಯುಗಾದಿಗೆ ಹೋಳಿಗೆ ಕೊಡುತ್ತಾರೆ, ಗೇಟಿನ ಮೇಲಿಂದ.

“ಅಯ್ಯೋ ಅಮೃತ, ಪಕ್ಕದಲ್ಲೇ ದೇವ್ರ ಮನೆ ಕಣೆ. ಇವತ್ತು ಮಂಗಳವಾರ ಬೇರೆ.”

“ಹೊರಗಡೆ ಇರೋದಾದ್ರೂ ಸಾಕಮ್ಮ.”

“ಅದು ಬಾಡಿಗೆಯೋರ್ದು, ಅವ್ರೇನಂತಾರೋ. ಖಾಲಿ ಸೈಟ್ ಇದೆಯಲ್ಲ, ಅಲ್ಲೇ ಮರೇಲಿ ಕೂತ್ಕೊಂಡ್ಬಿಡು. ನಿಮ್ಗೆಲ್ಲ ಅಭ್ಯಾಸ ಇರತ್ತಲ್ಲ.”

ಅಭ್ಯಾಸವಂತೆ! ಅಮೃತಮ್ಮ ಆಗಲೇ ಓಡಿದ್ದಳು. ಸೈಟಿನಲ್ಲಿ ನಿಲ್ಲಿಸಿದ್ದ ಕಾರಿನ ಹಿಂದೆ ಕೂತಳು, ನಾನು ರಸ್ತೆ ಕಾದೆ. ಎದುರು ಮನೆಯ ಕ್ಯಾಮೆರಾ ನಮ್ಮಿಬ್ಬರಿಗೂ ಕಾಣಲಿಲ್ಲ.

ಮಾರನೇ ದಿನ ಆರೂವರೆಯ ಹಾಜರಿಗೆ ಹೆಲ್ತ್ ಇನ್‌ಸ್ಪೆಕ್ಟರೇ ಬಂದಿದ್ದ. ಏರಿಯಾದವರ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಬಂದಿತ್ತಂತೆ.

“ನೋಡ್ರೀ ಎಲ್ರೂ! ಊರು ಕ್ಲೀನ್ ಮಾಡೋಳೇ ರೋಡಲ್ಲಿ ಕೂತವ್ಳೆ. ನನ್ ಮರ್ಯಾದೆ ಏನಾಗ್ಬೇಕು?”

ಮೂವತ್ತೆಂಟು ಹೆಂಗಸರ ಮುಖಕ್ಕೂ ಫೋನು ಹಿಡಿದ. ಕಸದ ಲಾರಿಯ ಗಂಡಸರಿಗೂ ತೋರಿಸಿದ. ಅವರಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಒಂದು ಬಕೆಟ್ ನೀರು, ಬ್ಲೀಚಿಂಗ್ ಪೌಡರು ತರಿಸಿ ಅವಳ ಕೈಯಲ್ಲೇ ಆ ಜಾಗ ತೊಳೆಸಿದ. ತೊಳೆಯುವುದನ್ನು ಸೀನ ಇನ್ನೊಂದು ವಿಡಿಯೋ ಮಾಡಿ ಅದೇ ಗುಂಪಿಗೆ ಹಾಕಿದ. ರಾಮಲಕ್ಷ್ಮಮ್ಮ ಮಹಡಿಯ ಮೇಲೆ ಬಟ್ಟೆ ಹರವುತ್ತಾ ನೋಡಿದರು. ನಾನೇ ಹೇಳಿದ್ದು ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಅಮೃತಮ್ಮ ಅಳಲಿಲ್ಲ. ಮಧ್ಯಾಹ್ನ ತಳ್ಳುಗಾಡಿ ನಿಲ್ಲಿಸುವಾಗ ಹೇಳಿದಳು. “ಆದಿ, ನೀರು ಬಿಟ್ಬಿಡ್ತೀನಿ ಕಣೆ.”

“ಸಾಯ್ತೀಯ ಮುಂಡೆ!”

“ಸತ್ರೆ ಸಾಯ್ತೀನಿ. ದಿನಾ ಎಲ್ರೆದುರಿಗೆ ಸಾಯೋದಕ್ಕಿಂತ ಒಬ್ಳೇ ಸಾಯೋದು ವಾಸಿ.”

ಕಲಿಸಿದ ಪಾಠ ಇಷ್ಟು ಚೆನ್ನಾಗಿ ಕಲಿತಿದ್ದಳಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಗುರುವಾರ ಹತ್ತೂವರೆಗೆ ಸೀನ ಮೊಬೈಲು ತೆಗೆಯುತ್ತಿದ್ದ ಹಾಗೆ ನಾನು ಚೀಲದಿಂದ ಒಂದು ಲೀಟರಿನ ಬಾಟಲಿ ತೆಗೆದೆ. ಎಲ್ಲರೂ ನೋಡುತ್ತಿದ್ದ ಹಾಗೇ ಗಟಗಟ ಕುಡಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಎದೆಯೊಳಗೆಲ್ಲ ತಣ್ಣಗಾಗಿ ಕಣ್ಣಲ್ಲಿ ನೀರು ಬಂತು.

“ಏನಮ್ಮೋ, ಪಾರ್ಟಿನಾ?” ಅಂದ ಸೀನ.

“ಹೂಂ ಕಣಪ್ಪ. ಈಗ ವಾರ್ಡ್ ಆಫೀಸ್ ಕಕ್ಕಸಿಗೆ ಹೋಗ್ತೀನಿ. ದಿನಾ ಅದನ್ನ ತೊಳ್ಯೋಳು ನಾನೇ ಅಲ್ವಾ?”

ನಮ್ಮಲ್ಲೇ ಚಿಕ್ಕವಳಾದ ಶ್ವೇತ ಬಾಟಲಿಗೆ ಕೈ ಚಾಚಿದಳು. ಅವಳ ಹಿಂದೆ ಇನ್ನೂ ಮೂವರು. ಅಮೃತಮ್ಮ ತಲೆ ತಗ್ಗಿಸಿ ಲೈನಿನಲ್ಲೇ ನಿಂತಳು. ಐದು ಜನ ಹೋದೆವು. ಕಕ್ಕಸಿನ ಬಾಗಿಲಿಗೆ ಬೀಗ, ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂಬ ಹಲಗೆ. ತೊಳೆಯುವ ಹೊತ್ತಿಗೆ ಮಾತ್ರ ನನ್ನ ಕೈಗೆ ಬರುವ ಬೀಗದ ಕೈ ಇನ್‌ಸ್ಪೆಕ್ಟರ ಮೇಜಿನ ಮೇಲಿತ್ತು.

“ನಿಮ್ಗೆ ಬಿಟ್ರೆ ನಾಳೆ ಊರಿಗೆಲ್ಲ ಬಿಡ್ಬೇಕಾಗತ್ತೆ. ಅರ್ಜಿ ಬರ್ಕೊಡಿ, ಮೇಲಕ್ಕೆ ಕಳಿಸ್ತೀನಿ.”

“ಅರ್ಜಿ ಮೇಲಕ್ಕೆ ಹೋಗತ್ತೆ ಸಾರ್. ಇದು ಕೆಳಕ್ಕೆ ಬರ್ತಾ ಇದೆಯಲ್ಲ!”

ಹೊರಗೆ ಹಾಕಿಸಿದ. ಐವರಿಗೂ ಗೈರುಹಾಜರಿ. ಮನೆ ಸೇರುವುದರೊಳಗೆ ನಮ್ಮಲ್ಲಿಬ್ಬರ ಸೀರೆ ಒದ್ದೆಯಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವರಲ್ಲಿ ಒಬ್ಬಳು ನಾನು.

ಆದರೆ ಶ್ವೇತ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ಸೀನನಿಗೆ ಮಾತ್ರ ವಿಡಿಯೋ ಮಾಡಲು ಬರುತ್ತದೆಯೇ? ನಮ್ಮವರ ಫೋನಿಂದ ಫೋನಿಗೆ ಅದು ಹೋಯಿತು. ಶುಕ್ರವಾರ ಹತ್ತೊಂಬತ್ತು ಜನ ನೀರು ಕುಡಿದರು. ಧೈರ್ಯದಿಂದ ಬಂದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಕಾಗಿ ಬಂದರು. ಒಬ್ಬಳಿಗೆ ಮೂವತ್ತೈದಕ್ಕೇ ಗರ್ಭಕೋಶ ತೆಗೆದಿದ್ದರು. ಇನ್ನೊಬ್ಬಳು ಮುಟ್ಟಿನ ಬಟ್ಟೆ ಬದಲಾಯಿಸಲಾಗದೆ ತೊಡೆಯೆಲ್ಲ ಹುಣ್ಣು ಮಾಡಿಕೊಂಡಿದ್ದಳು. ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಅವತ್ತು ಆ ಮುಚ್ಚಿದ ಬಾಗಿಲ ಮುಂದೆ ಕೂತು ಎಲ್ಲ ಹೇಳಿಕೊಂಡೆವು.

ಬಿಳಿ ಶರ್ಟಿನ ಲೀಡರೊಬ್ಬ ಕಾರಿನಿಂದ ಇಳಿದ. “ಬ್ಯಾನರ್ ಕೊಡಿಸ್ತೀನಮ್ಮ. ಎಲ್ಲಾ ಒಟ್ಗೆ ನಿಂತ್ಕೊಳ್ಳಿ, ಫೋಟೋ ತೆಗೀಲಿ.”

“ಬ್ಯಾನರ್ ಬೇಡಣ್ಣ, ಆ ಬೀಗದ ಕೈ ಕೊಡ್ಸಿ,” ಅಂದೆ. ಅವನಿಗೆ ಬೇರೆ ಕಡೆ ಯಾವುದೋ ಉದ್ಘಾಟನೆಯಿದ್ದದ್ದು ನೆನಪಾಯಿತು.

ಶನಿವಾರ ಆ ವಿಡಿಯೋ ನೋಡಿ ಶಿವಾಜಿನಗರದಿಂದ ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ಇಕ್ರಾ ಬಂದಳು. ಅಲ್ಲಿ ಕಸದ ಆಟೋದಲ್ಲಿ ದುಡಿಯುವವಳು. ನಾನು ಅವಳ ಮುಖವನ್ನೇ ಕಂಡಿರಲಿಲ್ಲ. “ಹಮಾರೆ ಇಧರ್ ಭೀ ಯಹೀಚ್ ಹಾಲ್ ಹೈ, ಆಪಾ. ನಮ್ದೂ ಇದೇ ಕಥೆ,” ಎಂದು ನನ್ನ ಕೈ ಹಿಡಿದುಕೊಂಡಳು. ಹಲಸೂರು, ಕೆ.ಆರ್. ಪುರದ ಕಡೆಯವರೂ ಸೇರಿ ಆಫೀಸಿನ ಅಂಗಳದಲ್ಲಿ ಅರವತ್ತಕ್ಕೂ ಮೇಲಾದೆವು. ಹತ್ತೂವರೆಗೆ ಸೀನ ಮಾರ್ಕೆಟ್ ರೋಡಿನಲ್ಲಿ ಮೊಬೈಲು ಹಿಡಿದುಕೊಂಡು ಒಬ್ಬನೇ ನಿಂತಿದ್ದನಂತೆ.

ಅಮೃತಮ್ಮನೂ ಬಂದಳು. ಮುಖ ಊದಿಕೊಂಡಿತ್ತು, ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಹೇಳಿದ ಹಾಗೆ ಮೂರು ದಿನದಿಂದ ನೀರು ಬಿಟ್ಟಿದ್ದಳು ಪಾಪಿ.

“ನಡಿ, ಮೊದ್ಲು ಆಸ್ಪತ್ರೆಗೆ,” ಅಂದೆ.

“ಇಲ್ಲ ಕಣೆ. ಇವತ್ತು ನಾನೂ ಕುಡೀತೀನಿ.”

ಎರಡು ಬಾಟಲಿ ಕುಡಿದಳು. ಅವಳು ನೀರು ಕುಡಿದಳಲ್ಲ ಎಂಬ ಖುಷಿಯಲ್ಲಿ ನಾನು ಸುಮ್ಮನಾದೆ. ಇನ್‌ಸ್ಪೆಕ್ಟರು ಮೇಲಿನ ರೂಮಿನ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನು ಮಾಡಿದ್ದ. ಒಂದು ಗಂಟೆ ಕಾದೆವು. ಹೊಟ್ಟೆ ಹಿಡಿದುಕೊಂಡು ಹೆಂಗಸರು ನರಳುತ್ತಿದ್ದರು.

“ಬೀಗ ತೆಗೀರಿ ಸಾರ್!” ಎಂದು ಕೆಳಗಿನಿಂದ ಕೂಗಿದೆವು.

ಕಿಟಕಿಯಿಂದ ಅವನ ತಲೆ ಕಾಣಿಸಿತು. “ಪೊಲೀಸ್ ಬರ್ಲಿ, ಆಮೇಲೆ ನೋಡೋಣ ನಿಮ್ ಉಚ್ಚೇನ.”

ಅಮೃತಮ್ಮ ಎದ್ದಳು. ಗೋಡೆ ಹಿಡಿದುಕೊಂಡು ಆಫೀಸಿನ ಮೆಟ್ಟಿಲ ಹತ್ತಿರ ಹೋದಳು. “ನಾನು ಇಲ್ಲೇ ಕೂತ್ಕೋತೀನಿ. ಯಾವನ್ ವಿಡಿಯೋ ಮಾಡ್ತಾನೋ ಮಾಡ್ಲಿ.”

ಯಾರೂ ಹೇಳಿಕೊಡಲಿಲ್ಲ. ಇಕ್ರಾ ದುಪಟ್ಟಾ ತೆಗೆದಳು, ಶ್ವೇತ ಹಸಿರು ಕೋಟು ಬಿಚ್ಚಿದಳು, ಉಳಿದವರು ಸೆರಗು ಹರಡಿದರು. ಅರವತ್ತು ಹೆಂಗಸರು ಸುತ್ತ ನಿಂತು ಬಟ್ಟೆಯ ಗೋಡೆ ಎಬ್ಬಿಸಿದೆವು. ಒಳಗೆ ಅವಳು, ಅವಳ ತೋಳು ಹಿಡಿದುಕೊಂಡು ನಾನು.

“ಆದಿ.”

“ಹೂಂ, ಹೇಳು.”

“ಬರ್ತಿಲ್ಲ ಕಣೆ. ಎರಡ್ ಬಾಟ್ಲು ಕುಡ್ದಿದೀನಿ. ಒಂದ್ ಹನಿನೂ ಬರ್ತಿಲ್ಲ.”

ಅವಳ ಕಾಲಿನ ಮೇಲೆ ಬೆರಳಿಟ್ಟೆ. ಒತ್ತಿದ ಜಾಗ ಗುಳಿ ಬಿದ್ದು ಹಾಗೇ ಉಳಿಯಿತು. ಉಳಿದೊಂದು ಕಿಡ್ನಿಯೂ ನಿಂತುಹೋಯಿತೇನೋ ಎನಿಸಿತು. “ಆಂಬುಲೆನ್ಸಿಗೆ ಮಾಡ್ರೇ! ಬೇಗ!” ಎಂದು ಅರಚಿದೆ. ಎಬ್ಬಿಸಲು ಹೋದರೆ ಅಮೃತಮ್ಮ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಶಕ್ತಿ ಅವಳಿಗೆ ಎಲ್ಲಿಂದ ಬಂತೋ.

“ಎಬ್ಬಿಸ್ಬೇಡ. ಆಂಬುಲೆನ್ಸ್ ಬರೋ ತನ್ಕ ಇಲ್ಲೇ ಇರ್ತೀನಿ. ಅವ್ನು ಆ ಬಾಗ್ಲು ತೆಗೀಲಿ.”

ಮೇಲಿಂದ ಇನ್‌ಸ್ಪೆಕ್ಟರ ದನಿ ಬಂತು. “ಆಯ್ತಾ ಕಾರ್ಯಕ್ರಮ? ಆಗಿದ್ರೆ ತೊಳ್ದು ಹೊರಡ್ರಿ!”

“ಇನ್ನೂ ಆಗಿಲ್ವೋ!” ಅಂದೆ. ಸಾರ್ ಎಂಬುದು ಬಾಯಿಗೆ ಬರಲೇ ಇಲ್ಲ. “ಬೀಗದ ಕೈ ತಗೊಂಡು ಕೆಳಗಿಳಿದು ಬಾ. ಬಂದು ಇವಳ ಮುಖ ನೋಡು.”

ಅವನು ಕಿಟಕಿ ಹಾಕಿಕೊಂಡ. ಸೆರಗು ಹಿಡಿದ ಒಂದು ಕೈಯೂ ಕೆಳಗಿಳಿಯಲಿಲ್ಲ. ಅಮೃತಮ್ಮನ ತಲೆ ನನ್ನ ಭುಜಕ್ಕೆ ವಾಲಿತು. ಗೇಟಿನ ಹತ್ತಿರ ಗಾಡಿ ನಿಂತ ಸದ್ದು ಕೇಳಿ, “ಯಾವ್ದು ಬಂತು ನೋಡೇ ಶ್ವೇತ,” ಅಂದೆ.

“ಪೊಲೀಸ್ನೋರು ಅಕ್ಕ,” ಅಂದಳು ಶ್ವೇತ.