ಅಲೆ ಡಿಸೈನಿನ ಗಿರಣಿ

ನಮ್ಮ ಯಜಮಾನರ ಕೈ ನಡುಗುತ್ತಿರಲಿಲ್ಲ. ಹಾಗಂತ ಅವರೇ ಹೇಳಿದ್ದು, ಅವರ ಕೈ ಬಗ್ಗೆ ಅವರಿಗಿಂತ ನನಗೆ ಹೆಚ್ಚು ಗೊತ್ತಾ? ಚಹಾದ ಕಪ್ಪು ಸಾಸರಿನ ಮೇಲೆ ಗಡಗಡ ಅಂದರೆ ಅದು ಸಾಸರಿನ ತಪ್ಪು. ಅಂಗಿಯ ಗುಂಡಿ ಕಾಜಾಕ್ಕೆ ಸೇರದಿದ್ದರೆ ದರ್ಜಿಯ ತಪ್ಪು. ಲೇತಿನ ಮೇಲೆ ತಿರುಗುವ ಮರಕ್ಕೆ ಉಳಿ ಇಟ್ಟಾಗ ಗೆರೆ ಸೊಟ್ಟಗಾದರೆ ಮೋಟರಿನ ತಪ್ಪು, ಬೆಲ್ಟಿನ ತಪ್ಪು, ಕರೆಂಟಿನ ತಪ್ಪು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯಲ್ಲಿ ನೆಲ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಡೊಂಕಾಗಿತ್ತು.

"ಡಾಕ್ಟರಿಗೆ ಒಂದ್ಸಲ ತೋರಿಸ್ಕೊಂಡು ಬರೋಣ ರೀ" ಅಂದರೆ, "ನನಗೇನು ಧಾಡಿ? ನಿನಗೆ ಹೊತ್ತು ಹೋಗ್ದಿದ್ರೆ ನೀನು ತೋರಿಸ್ಕೋ" ಅನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ನಮ್ಮ ಕಾರ್ಖಾನೆ. ಊಟದ ಮೇಜಿನ ಮೇಲಿಡುವ ಉಪ್ಪಿನ ಗಿರಣಿ, ಮೆಣಸಿನ ಗಿರಣಿ ಮಾಡುತ್ತೇವೆ. ಗೇಣುದ್ದದ ಮರದ ತುಂಡು, ನಡುವೆ ತೂತು, ಮೇಲೊಂದು ತಲೆ. ತಲೆ ತಿರುಗಿಸಿದರೆ ಒಳಗಿನ ಹಲ್ಲು ಕಾಳು ಅರೆದು ಕೆಳಗೆ ಉದುರಿಸುತ್ತದೆ. ಮರ ಕಡೆಯುವುದು ಅವರು, ಉಪ್ಪುಕಾಗದ ಉಜ್ಜಿ ಹೊಳಪು ಕೊಟ್ಟು ಹಲ್ಲು ಕೂರಿಸುವುದು ನಾನು. ಮೆಣಸಿಗೆ ಉಕ್ಕಿನ ಹಲ್ಲು, ಉಪ್ಪಿಗೆ ಪಿಂಗಾಣಿಯದು. ಉಪ್ಪಿಗೆ ಉಕ್ಕು ಹಾಕಿದರೆ ತುಕ್ಕು ತಿನ್ನಬೇಕಾಗುತ್ತದೆ.

ಗೆರೆ ಸೊಟ್ಟಗಾದರೆ ಆಗಲಿ, ಅದು ಬರೀ ಮರ. ನನ್ನ ಹೆದರಿಕೆ ಬೇರೆ. ಸುತ್ತುವ ಮರಕ್ಕೆ ಉಳಿಯ ಮೂಲೆ ಸ್ವಲ್ಪ ತಪ್ಪಿ ತಗುಲಿದರೂ ಸಾಕು, ಮರ ಅದನ್ನು ಕಚ್ಚಿ ಎಳೆದುಕೊಳ್ಳುತ್ತದೆ, ಜೊತೆಗೆ ಬೆರಳನ್ನೂ. ಒಂದು ದಿನ ಉಳಿ ಹಾರಿ ಕಿಟಕಿಯ ಚೌಕಟ್ಟಿಗೆ ನೆಟ್ಟುಕೊಂಡಿತು. ನಾನು ಜೀವ ಕೈಯಲ್ಲಿ ಹಿಡಿದು ನಿಂತಿದ್ದರೆ ಇವರು ಅದನ್ನು ಕಿತ್ತು, "ಹಿಡಿ ಸಡಿಲ ಆಗಿದೆ" ಅಂದರು. ಅವತ್ತಿಂದ ಲೇತು ಶುರುವಾದರೆ ಸಾಕು, ನಾನು ಒಳಗಿಂದ ಹತ್ತು ಸಲ ಬಂದು ಇಣುಕುತ್ತಿದ್ದೆ.

ಸೊಟ್ಟ ಗಿರಣಿಗಳನ್ನು ನಾನು ಒಲೆಗೆಂದು ಬುಟ್ಟಿಗೆ ಹಾಕುತ್ತಿದ್ದೆ. ನಮ್ಮ ಮಾಲು ಕೊಳ್ಳುವ ಅಂಗಡಿ ಮೇಡಂ ಒಂದು ದಿನ ಬಂದವರು ಅದೇ ಬುಟ್ಟಿಗೆ ಕೈ ಹಾಕಿದರು. ಒಂದನ್ನೆತ್ತಿ ಕಣ್ಣು ಮುಚ್ಚಿ ಸವರಿದರು.

"ಅಬ್ಬಾ! ಅಲೆ ಅಲೆ! ಮರ ಉಸಿರಾಡ್ತಾ ಇದೆ ಯಜಮಾನ್ರೇ. ಇದನ್ನ ಯಾಕೆ ಬಚ್ಚಿಟ್ಟಿದ್ರಿ?"

"ಹೊಸ ಡಿಸೈನು ಮೇಡಂ" ಅಂದರು ನಮ್ಮವರು. "ಇನ್ನೂ ಪೂರ್ತಿ ಆಗಿರ್ಲಿಲ್ಲ, ಅದಕ್ಕೇ ತೋರಿಸ್ಲಿಲ್ಲ."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡಿ! ನಾನು ಬಾಯಿ ಬಿಡುವಷ್ಟರಲ್ಲಿ ಆರ್ಡರು ಕೊಟ್ಟೂ ಆಯಿತು. ಯಾವುದೋ ದೊಡ್ಡ ಹೋಟೆಲಿಗಂತೆ, ಇಪ್ಪತ್ತು ಜೋಡಿ. ಒಂದೇ ಷರತ್ತು: ಜೋಡಿಯಲ್ಲಿ ಉಪ್ಪಿನದಕ್ಕೂ ಮೆಣಸಿನದಕ್ಕೂ ಅಲೆ ಒಂದೇ ಥರ ಇರಬೇಕು.

ಆಮೇಲೆ ಶುರುವಾಯಿತು ಕಲಾವಿದರ ಸಾಧನೆ. ಬೇಡ ಅಂದಾಗ ನಡುಗುವ ಕೈ, ನಡುಗು ಅಂದರೆ ನಡುಗಬೇಕಲ್ಲ? ಉಪ್ಪಿನದಕ್ಕೆ ಮೂರು ಅಲೆ ಬಿದ್ದರೆ ಮೆಣಸಿನದಕ್ಕೆ ಐದು. ಇನ್ನೊಂದು ಜೋಡಿಯಲ್ಲಿ ಉಪ್ಪು ಅಲೆಅಲೆ, ಮೆಣಸು ನುಣ್ಣಗೆ. ಗೆರೆ ನೆಟ್ಟಗೆ ಬಂತೆಂದು ಒಬ್ಬ ಮನುಷ್ಯ ಹಲ್ಲು ಕಡಿಯುವುದನ್ನು ಜನ್ಮದಲ್ಲಿ ಮೊದಲ ಸಲ ನೋಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಹಟದಲ್ಲೇ ಆಗಬಾರದ್ದು ಆಯಿತು. ಬೇಕಂತಲೇ ಉಳಿ ಅಲುಗಿಸಲು ಹೋದರು, ಮರ ಕಚ್ಚಿಕೊಂಡಿತು. ಫಟ್ ಅಂದ ಸದ್ದಿಗೆ ನಾನು ಓಡಿ ಬಂದು ಸ್ವಿಚ್ಚು ಆರಿಸುವಷ್ಟರಲ್ಲಿ ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು. ಬಟ್ಟೆ ಸುತ್ತುತ್ತಾ ಹೇಳಿದೆ, "ಇನ್ಮೇಲೆ ಮೆಷಿನ್ ಮುಂದೆ ನಾನು ನಿಲ್ತೀನಿ. ನೀವು ಮುಟ್ಟಿದ್ರೆ ನನ್ನಾಣೆ."

"ನೀನಾ?" ಅಂದರು. ಉಗುರು ಹೋದರೂ ಆ 'ನೀನಾ'ದ ಗತ್ತು ಹೋಗಿರಲಿಲ್ಲ.

ನಾನೇ. ಬಾಗಿಲ ಹಿಡಿ, ಡ್ರಾಯರಿನ ಗುಂಡು ಹಿಡಿ ಕಡೆದು ಅಭ್ಯಾಸವಿತ್ತು, ಗಿರಣಿ ಮುಟ್ಟಲು ಅಪ್ಪಣೆ ಇರಲಿಲ್ಲ ಅಷ್ಟೆ. ಅವರು ಹಿಂದೆ ಸ್ಟೂಲ್ ಹಾಕಿ ಕೂತರು. "ಮೊಣಕೈ ಸೊಂಟಕ್ಕೆ ಒತ್ತು. ತೋಳಿಂದ ಅಲ್ಲ ಕಣೇ, ಮೈಯಿಂದ ತಳ್ಳು. ಅಯ್ಯೋ, ಸೌತೆಕಾಯಿ ಹೆರೀತಿದೀಯಾ?" ಎಷ್ಟು ತಿಣುಕಿದರೂ ನನಗೆ ಅಲೆ ಬರಲಿಲ್ಲ. ಬೇಕಂತ ಮಾಡಿದ್ದು ಇಲಿ ಕಡಿದ ಹಾಗೆ ಕಂಡಿತು. ಕೊನೆಗೆ ಅಲೆಯೂ ಬೇಡ, ಸಮುದ್ರವೂ ಬೇಡ ಅಂತ ಇಪ್ಪತ್ತು ಜೋಡಿಯನ್ನೂ ನೆಟ್ಟಗೆ ಕಡೆದೆ. ಇವರು ಒಂದನ್ನೆತ್ತಿ ಅದರ ತಲೆ ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದರು, ಕೆಳಗಿಟ್ಟರು. ನಮ್ಮವರು ತಪ್ಪು ಹುಡುಕದೆ ಏನನ್ನಾದರೂ ಕೆಳಗಿಟ್ಟಿದ್ದು ನಾನು ಕಂಡಂತೆ ಅದೇ ಮೊದಲು. ನನಗೆ ಒಳಗೊಳಗೇ ಹಿಗ್ಗಾಯಿತು.

ಮೇಡಂ ಬಂದರು. ಪೆಟ್ಟಿಗೆ ತೆರೆದದ್ದೇ ಮುಖ ಹುಳ್ಳಗಾಯಿತು.

"ಇದೇನಿದು? ಅಲೆ ಎಲ್ಲಿ? ಇಂಥದ್ದು ಯಾವ ಸಂತೇಲಿ ಬೇಕಾದ್ರೂ ಸಿಗುತ್ತೆ. ಇದರಲ್ಲಿ ಜೀವಾನೇ ಇಲ್ಲ. ಯಾರೋ ಕೈ ಪಳಗದವರು ಮಾಡಿರೋ ಹಾಗಿದೆ."

ನನಗೆ ಮೈಯೆಲ್ಲ ಉರಿಯಿತು. ಆದರೆ ನಿಜ ಹೇಳಿದರೆ ಇವರ ಮಾನ ಹೋಗುತ್ತದೆ. ನಾಲಿಗೆ ಕಚ್ಚಿಕೊಂಡು, "ಹೌದು ಮೇಡಂ, ನಾನು ಮಾಡಿದ್ದು. ಅವರ ಡಿಸೈನು ನಾನೇ ಕೆಡಿಸ್ದೆ" ಅಂದೆ. ಇವರು ಹೂಂಗುಟ್ಟುತ್ತಾರೆ, ಜೊತೆಗೆ ಎರಡು ಮಾತು ಸೇರಿಸುತ್ತಾರೆ ಅಂತಲೇ ಕಾದಿದ್ದೆ.

ಇವರು ಸ್ಟೂಲಿನಿಂದ ಎದ್ದು ಬಂದು, ಬಟ್ಟೆ ಸುತ್ತಿದ ಕೈಯನ್ನು ಮೇಡಂ ಮುಂದೆ ಚಾಚಿದರು.

"ನೋಡಿ."

ಬೆರಳುಗಳು ನಡುಗುತ್ತಿದ್ದವು. ಎಲ್ಲರೂ ನೋಡುವಷ್ಟು ಹೊತ್ತು ಹಾಗೇ ಹಿಡಿದರು.

"ನಿಮ್ಮ ಅಲೆ ಅಂದ್ರೆ ಇದು. ಡಿಸೈನೂ ಅಲ್ಲ, ಮಣ್ಣೂ ಅಲ್ಲ. ನನ್ನ ಕೈ ನಡುಗುತ್ತೆ. ಇವಳು ಏನೂ ಕೆಡಿಸಿಲ್ಲ. ನನ್ನ ಕೈ ಚೆನ್ನಾಗಿದ್ದಾಗ ನಾನು ಹೀಗೇ ಮಾಡ್ತಿದ್ದೆ, ಈಗ ಆಗಲ್ಲ."

ಮೇಡಂ ಬಗ್ಗಿ ಆ ಕೈಯನ್ನೇ ನೋಡಿದರು. ಪಾಪ, ಕನಿಕರ ಬಂತು ಅಂದುಕೊಂಡೆ. ಆಮೇಲೆ ಅವರ ಕಣ್ಣು ಫಳಫಳ ಅಂದಿತು.

"ಯಜಮಾನ್ರೇ, ಇದನ್ನೇ ಹೇಳಿ ಮಾರಬಹುದಲ್ವಾ? ನಡುಗೋ ಕೈಯಿಂದ ಹುಟ್ಟಿದ್ದು ಅಂತ! ಗಿರಾಕಿಗಳಿಗೆ ಇಂಥ ಕಥೆ ಅಂದ್ರೆ ಪ್ರಾಣ. ಔಷಧಿ ಗಿವ್ಷಧಿ ಶುರು ಮಾಡೋಕೆ ಮುಂಚೆ ಇನ್ನೊಂದಿಪ್ಪತ್ತು—"

"ಬಾಗಿಲು ಅಲ್ಲಿದೆ ಮೇಡಂ" ಅಂದೆ. "ಹೊಸ್ತಿಲು ಎತ್ತರ, ನೋಡ್ಕೊಂಡು ದಾಟಿ."

ಅವರು ಹೋದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಕೊನೆಗೂ ಒಪ್ಪಿಕೊಂಡರಲ್ಲ ಅಂತ ಖುಷಿಪಡಬೇಕಾದ ಹೊತ್ತಲ್ಲಿ ಅಳು ಬಂತು. "ತಿಂಗಳುಗಟ್ಟಲೆ ಅಂಗಲಾಚಿದೀನಿ. ಕಟ್ಟಿಕೊಂಡ ಹೆಂಡ್ತಿಗೆ ಹೇಳ್ಲಿಲ್ಲ, ಯಾವಳೋ ಅಂಗಡಿಯವಳಿಗೆ ಹೇಳಿದ್ರಿ! ನಾನೇನು ಊರೆಲ್ಲ ಡಂಗುರ ಸಾರ್ತಿದ್ನಾ?"

ಇವರು ತಲೆ ಎತ್ತಲಿಲ್ಲ. "ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಕೊನೇಲಿ ನಮ್ಮಮ್ಮ ತುತ್ತು ಇಟ್ಟು ಉಣಿಸ್ತಿದ್ಳು. ನಿನಗೆ ಹೇಳಿದ್ರೆ ನೀನು ಅವತ್ತಿಂದಾನೇ ನನ್ನನ್ನ ಕೈಲಾಗದವನ ಥರ ನೋಡ್ತೀಯ ಅಂತ ಭಯ ಆಯ್ತು ಕಣೇ."

ನಾನು ಸೆರಗಲ್ಲಿ ಕಣ್ಣೊರೆಸಿಕೊಂಡು ಚೀಲಕ್ಕೆ ದುಡ್ಡು ಹಾಕಿದೆ.

"ಹೊರಡಿ" ಅಂದೆ. "ಡಾಕ್ಟರು ಊಟಕ್ಕೆ ಎದ್ದು ಹೋಗೋಕೆ ಮುಂಚೆ ಸೇರ್ಕೊಳ್ಳೋಣ."

ಬಾಗಿಲ ಹತ್ತಿರ ಬಗ್ಗಿ ಚಪ್ಪಲಿಯ ಪಟ್ಟಿಯ ಜೊತೆ ಸ್ವಲ್ಪ ಹೊತ್ತು ಗುದ್ದಾಡಿದರು. ನಾನು ಬೇಕಂತಲೇ ಬೀದಿ ಕಡೆ ನೋಡುತ್ತಾ ನಿಂತಿದ್ದೆ. ಆಮೇಲೆ ಕಾಲು ನನ್ನ ಕಡೆ ಚಾಚಿ ಅಂದರು, "ಈ ಪಟ್ಟಿ ಸ್ವಲ್ಪ ಹಾಕ್ಕೊಡೇ. ನನ್ನ ಕೈಲಿ ಆಗ್ತಿಲ್ಲ."

ಕೂತು ಹಾಕಿದೆ.