ತುರ್ತು ಅಲ್ಲ

ಆಸ್ಪತ್ರೆಯವರ ಮಾತಿನಲ್ಲಿ ರೆಫರಲ್ ಅಂದರೆ ಸರ್ಕಾರಿ ಡಾಕ್ಟರು ಬರೆದುಕೊಡುವ ಚೀಟಿ. ಸರ್ಕಾರದ ಯೋಜನೆಯ ಕಾರ್ಡು ತೋರಿಸಿ ಖಾಸಗಿ ಆಸ್ಪತ್ರೆ ಸೇರಬೇಕಾದರೆ ಅದು ಬೇಕು. ತುರ್ತು ಅಂದರೆ ಜೀವ ಹೋಗುವ ಸ್ಥಿತಿ. ಅದಕ್ಕೆ ಚೀಟಿ ಬೇಡ. ಈ ಎರಡು ಶಬ್ದ ನನಗೆ ಸರಿಯಾಗಿ ಗೊತ್ತಾಗಿದ್ದು ಅಪ್ಪ ಸತ್ತ ಮೇಲೆ. ಗೊತ್ತಾಗಿ ಏನು ಸುಡುಗಾಡು ಪ್ರಯೋಜನ?

ಅಪ್ಪ ಶಂಕರ ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನಲ್ಲಿ ಮರಗಸಿ ಮಾಡುತ್ತಿದ್ದರು, ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಆ ಬೆಳಗ್ಗೆ ಮರದಿಂದ ಇಳಿದವರೇ ಎದೆ ಹಿಡಿದುಕೊಂಡು ಕೂತುಬಿಟ್ಟರು. ಆಳುಗಳ ಕೆಲಸ, ಲೆಕ್ಕ ನೋಡುವ ರೈಟರ್ ಪ್ರಸಾದ್ ಅವರೇ ಎಸ್ಟೇಟಿನ ಜೀಪು ತೆಗೆದರು. ಒಳ್ಳೆ ಮನುಷ್ಯ, ಸುಳ್ಳು ಹೇಳಬಾರದು. ಹೃದಯದ ಡಾಕ್ಟರು ಸಿಗುವುದು ಚಿಕ್ಕಮಗಳೂರಿನ ಖಾಸಗಿ ಆಸ್ಪತ್ರೆಯಲ್ಲೇ ಎಂದು ಮೂಡಿಗೆರೆಯಲ್ಲೂ ನಿಲ್ಲಿಸದೆ ಓಡಿಸಿದರು. ದಾರಿಯುದ್ದಕ್ಕೂ ಅಪ್ಪ ಹಿಂದಿನ ಸೀಟಿನಲ್ಲಿ ನನ್ನ ಕೈಯನ್ನು ಉಗುರು ಇಳಿಯುವಂತೆ ಹಿಡಿದಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಪ್ರಸಾದ್ ಅವರು ಪಕ್ಕಕ್ಕೆ ಬಂದದ್ದೇ ತಡ, ಅಪ್ಪ ಕೈ ಬಿಟ್ಟು ಅಂಗಿಯ ಗುಂಡಿ ಹಾಕಿಕೊಂಡರು. ಎಸ್ಟೇಟಿನ ಸಾಲುಮನೆಗಳಲ್ಲಿರುವ ನಮ್ಮ ಲೈನಿನವರ ಹಾಳು ಮರ್ಯಾದೆ ಇದು. ರೈಟರ ಎದುರು ಕೂರುವುದಿಲ್ಲ, ನರಳುವುದಿಲ್ಲ, ಏನಾಯಿತು ಎಂದು ಕೇಳಿದರೆ ಏನಿಲ್ಲ ಅನ್ನಬೇಕು. ಹೆರಿಗೆ ನೋವಿನಲ್ಲೂ ನಮ್ಮ ಹೆಂಗಸರು ಬಾಯಿಗೆ ಸೆರಗು ತುರುಕಿಕೊಳ್ಳುತ್ತಾರೆ, ಧಣಿಗಳ ಬಂಗಲೆಗೆ ಕೇಳಬಾರದೆಂದು. ಗಾಲಿಕುರ್ಚಿ ತಂದರೆ ಅಪ್ಪ ಬೇಡವೆಂದು ತಲೆಯಾಡಿಸಿ ಪ್ರಸಾದ್ ಅವರ ಹಿಂದೆ ಕೈಕಟ್ಟಿ ನಿಂತರು.

ಕೌಂಟರಿನ ಹುಡುಗಿ ಕಾರ್ಡು ನೋಡಿ ರೆಫರಲ್ ಕೇಳಿದಳು. ಇಲ್ಲವೆಂದಾಗ, ತುರ್ತಾದರೆ ಹಾಗೇ ಸೇರಿಸಿಕೊಳ್ಳುತ್ತೇವೆ ಎಂದು ಅಪ್ಪನ ಕಡೆ ತಿರುಗಿದಳು.

"ನೋವು ಹೇಗಿದೆ ಯಜಮಾನ್ರೇ?"

"ಏನಿಲ್ಲಮ್ಮ. ಈಗ ಪರ್ವಾಗಿಲ್ಲ."

ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಸುಳ್ಳು, ಬೆಳಗ್ಗೆಯಿಂದ ಒದ್ದಾಡುತ್ತಿದ್ದಾರೆ ಎಂದು ನಾನು ಅರಚಿದೆ. ದೊಡ್ಡವರ ಮುಂದೆ ಗಲಾಟೆ ಮಾಡಬೇಡ ಎಂದು ಅಪ್ಪ ನನ್ನನ್ನೇ ಗದರಿದರು. ಹುಡುಗಿ ನಿಂತು ಮಾತಾಡುವ ರೋಗಿಯನ್ನು ನಂಬಿದಳು. ತುರ್ತು ಅಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ತನ್ನಿ ಎಂದಳು. ಒಬ್ಬ ಡಾಕ್ಟರನ್ನಾದರೂ ಕರೆಯಬಹುದಿತ್ತು, ಕರೆಯಲಿಲ್ಲ. ಆ ಸಿಟ್ಟು ನಾನು ಸಾಯುವವರೆಗೂ ಹೋಗುವುದಿಲ್ಲ.

ಜೀಪು ಸರ್ಕಾರಿ ಆಸ್ಪತ್ರೆಯ ಗೇಟು ದಾಟುವಾಗ ಅಪ್ಪ ನನ್ನ ಹೆಗಲಿಗೆ ಒರಗಿದರು. ಅಲ್ಲಿನ ಡಾಕ್ಟರು ಓಡಿಬಂದು ನಾಡಿ ಹಿಡಿದು, ಕಣ್ಣುರೆಪ್ಪೆ ಎತ್ತಿ ನೋಡಿದರು. ಇದಕ್ಕೆ ಚೀಟಿಯೇ ಬೇಕಿರಲಿಲ್ಲವಲ್ಲ ಎಂದರು.

ಅಮ್ಮ ಪಾಪಮ್ಮ ಮಣ್ಣಿನ ದಿನವೂ ಗಟ್ಟಿಯಾಗಿ ಅಳಲಿಲ್ಲ. ಎಸ್ಟೇಟಿನವರೆಲ್ಲ ಬಂದಿದ್ದರು, ಸೆರಗು ಕಚ್ಚಿಕೊಂಡೇ ಇದ್ದಳು. ತಿಥಿ ಮುಗಿದ ಮೇಲೂ ಹಾಗೇ. ಮೊನ್ನೆ ಎದೆ ಉರಿ ಅಂದವಳು, ನಾನು ಗಾಬರಿಯಾದದ್ದು ನೋಡಿ ಏನಿಲ್ಲ ಅಂದಳು. ಆ ಮಾತು ಕೇಳಿ ನನಗೆ ತಲೆ ಕೆಟ್ಟುಹೋಯಿತು. ಬಾಗಿಲ ಮುಂದೆ ಕೂರಿಸಿ, ಆಸ್ಪತ್ರೆಯಲ್ಲಿ ಹೇಗೆ ಕೂಗಬೇಕೆಂದು ಹೇಳಿಕೊಡಲು ಶುರುಮಾಡಿದೆ.

"ಅಯ್ಯೋ ಸತ್ತೆ ಅನ್ನು. ಜೋರಾಗಿ. ಬಂಗ್ಲೆಗೆ ಕೇಳ್ಬೇಕು."

ಅಮ್ಮ ನಾಚಿಕೊಂಡು ನಕ್ಕು ಪಿಸುಗುಟ್ಟಿದಳು. ಸಾಲದು ಅಂದೆ. ಸ್ವಲ್ಪ ಗಂಟಲು ಬಿಟ್ಟಳು. ಇನ್ನೂ ಜೋರು ಅಂದೆ. ಆಗ ಕೂಗಿದಳು. ಲೈನಿನ ಬಾಗಿಲುಗಳೆಲ್ಲ ತೆರೆದವು, ಪಕ್ಕದ ಮನೆ ತಿಮ್ಮಮ್ಮ ಚೊಂಬಿನಲ್ಲಿ ನೀರು ಹಿಡಿದು ಓಡಿಬಂದಳು. ಸಾಕು ಅಮ್ಮ, ಸಾಕು ಎಂದು ನಾನು ಅವಳ ಬಾಯಿ ಮುಚ್ಚಲು ಹೋದೆ. ಅವಳು ನನ್ನ ಕೈ ತಳ್ಳಿ, ಇಷ್ಟು ವರ್ಷ ಬಾಯಿಗೆ ತಾರದ ಅಪ್ಪನ ಹೆಸರು ಹಿಡಿದು ಕೂಗುತ್ತಲೇ ಇದ್ದಳು.