ಎರಡು ಪೀರಿಯಡ್‌ಗಳ ನಡುವೆ

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮಗಳು ಬ್ಲೇಡಿನಿಂದ ಮಾತ್ರೆಯನ್ನು ಸರಿಯಾಗಿ ಎರಡು ಹೋಳು ಮಾಡಿ, ಒಂದನ್ನು ಚಮಚದಲ್ಲಿಟ್ಟು, ಅದರ ಮೇಲೆ ಹನಿಹನಿಯಾಗಿ ನೀರು ಬಿಡುತ್ತಿದ್ದಳು.

“ಯಾರಿಗೇ ಅದು?” ಎಂದಳು ಚಿಕ್ಕಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಮಗಳು ಚಮಚ ನೋಡಿದಳು. ಮಾತ್ರೆ ಆಗಲೇ ಕರಗಿ ನೀರು ಬೆಳ್ಳಗಾಗಿತ್ತು. ಅಮ್ಮ ತೀರಿಕೊಂಡು ಹದಿನಾರು ಗಂಟೆಯಾಗಿತ್ತು. ಹಜಾರದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಸುದ್ದಿ ಊರಿಗೆಲ್ಲ ಮುಟ್ಟಿತ್ತು, ಈ ಕೈಗಳಿಗೆ ಮಾತ್ರ ಯಾರೂ ಮುಟ್ಟಿಸಿರಲಿಲ್ಲ.

“ಇಡು ಅತ್ಲಾಗೆ. ಒಂದೂವರೆ ವರ್ಷದ ಅಭ್ಯಾಸ, ಒಂದು ರಾತ್ರಿಗೆ ಹೋಗುತ್ತಾ?” ಚಿಕ್ಕಮ್ಮ ಚಮಚ ಕಸಿದುಕೊಂಡು ತೊಟ್ಟಿಗೆ ಸುರಿದಳು. ಆಮೇಲೆ ದನಿ ತಗ್ಗಿಸಿದಳು. “ಅದಿರಲಿ, ಅಕ್ಕನ್ನ ಕುರ್ಚೀಲಿ ಕೂರಿಸಿದ್ದು ಯಾರು? ಏಳು ತಿಂಗಳಿಂದ ಒಬ್ಬಳೇ ಕಾಲೂರಿದವಳಲ್ಲ. ಇಬ್ಬರಿಲ್ಲದೆ ಎತ್ತಬೇಡಿ, ಹೃದಯ ತಡೆಯೋಲ್ಲ ಅಂತ ಡಾಕ್ಟರು ಬಡ್ಕೊಂಡಿದ್ರಲ್ಲ. ನಿನ್ನ ತಮ್ಮ ಒಬ್ಬನೇ ಎತ್ತಿಬಿಟ್ನಾ?”

“ಗೊತ್ತಿಲ್ಲ ಚಿಕ್ಕಮ್ಮ.”

ಗೊತ್ತಿದೆ ಎಂದೇ ಮಗಳು ತಿಳಿದಿದ್ದಳು. ನಾಲ್ಕರಿಂದ ಆರು ತಮ್ಮನ ಪಾಳಿ. ಅವನೇ ಎತ್ತಿರಬೇಕು, ಅದರಿಂದಲೇ ಅಮ್ಮ ಹೋಗಿರಬೇಕು. ಆದರೆ ಅವನತ್ತ ಬೆರಳು ತೋರಿದರೆ, ಅವನು ಬರುವವರೆಗೆ ನೀನು ಕಾದಿದ್ದೆಯಾ ಎಂಬ ಪ್ರಶ್ನೆ ಏಳುತ್ತದೆ. ಅವಳು ಕಾದಿರಲಿಲ್ಲ.

*

ಅಮ್ಮ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವಳು. ಆದರೆ ಹೆಸರು ಬಂದದ್ದು ಇನ್ನೊಂದು ಕೆಲಸದಿಂದ. ಇಡೀ ಶಾಲೆಯ ವೇಳಾಪಟ್ಟಿ ಹಾಕುತ್ತಿದ್ದವಳು ಅವಳೇ. ಊರಿಗೆಲ್ಲ ಅವಳು ಟೈಂಟೇಬಲ್ ಟೀಚರ್.

ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ, ಊಟದ ಮೇಜಿನ ಸುತ್ತ ಮಾತು ನಡೆದಿತ್ತು. ಮಗಳು ಕಾಲೇಜಿನ ಪ್ರಯೋಗಾಲಯದ ಕೆಲಸ ಬಿಡುತ್ತೇನೆ ಎಂದಳು. ತಮ್ಮ, ಹಗಲೂ ರಾತ್ರಿ ದಾದಿ ಇಡೋಣ ಎಂದ. ಚಿಕ್ಕಮ್ಮ ವೃದ್ಧಾಶ್ರಮ ಎನ್ನಲು ಹೋಗಿ ಮಾತನ್ನು ಕೆಮ್ಮಿನಲ್ಲಿ ಮುಚ್ಚಿದಳು.

“ನನ್ನ ಬಿಟ್ಟು ನನ್ನ ಬಗ್ಗೆ ಮೀಟಿಂಗಾ?” ಒಳಗಿನಿಂದ ಅಮ್ಮನ ದನಿ. “ಸ್ಕೇಲು, ಪೆನ್ಸಿಲ್ಲು ತನ್ನಿ.”

ಮಲಗಿದಲ್ಲೇ ಹಾಳೆಯ ಮೇಲೆ ಪಟ್ಟಿಯ ಮನೆಗಳನ್ನು ಎಳೆದಳು. ಒಂಬತ್ತರಿಂದ ಒಂದು, ದಾದಿ. ಆಗ ಮಗಳು ಅರ್ಧ ದಿನದ ಕೆಲಸಕ್ಕೆ. ಒಂದರಿಂದ ನಾಲ್ಕು, ಮಗಳು. ನಾಲ್ಕರಿಂದ ಆರು, ಮಗ. ರಾತ್ರಿ, ಮತ್ತೆ ಮಗಳು. ನಾಲ್ಕರಿಂದ ಆರರ ಮನೆಯಲ್ಲಿ ಮಗಳ ಹೆಸರಿನ ಮುಂದೆ ಒಂದೇ ಪದ ಬರೆದಳು: ಬಿಡುವು.

“ನನಗ್ಯಾಕಮ್ಮ ಬಿಡುವು? ಎಲ್ಲಿಗೆ ಹೋಗ್ಲಿ?”

“ಎಲ್ಲಿಗಾದ್ರೂ ಹಾಳಾಗಿ ಹೋಗು. ಬಿಡುವಿಲ್ಲದ ಮೇಷ್ಟ್ರು ಐದನೇ ಪೀರಿಯಡ್ಡಿಗೆ ಮಕ್ಕಳಿಗೆ ಬಾರಿಸ್ತಾರೆ. ಈ ವಯಸ್ಸಲ್ಲಿ ನಿನ್ನ ಕೈಲಿ ಏಟು ತಿನ್ನೋಕೆ ನಾನು ತಯಾರಿಲ್ಲ.”

ಪಟ್ಟಿಯ ಅಡಿಯಲ್ಲಿ ಕೆಂಪು ಶಾಯಿಯ ಒಂದೇ ನಿಯಮ: ಮುಂದಿನವರು ಬರುವವರೆಗೆ ಹಿಂದಿನವರು ತರಗತಿ ಬಿಡತಕ್ಕದ್ದಲ್ಲ.

*

ಹತ್ತು ಗಂಟೆಗೆ ನಿವೃತ್ತ ಹೆಡ್ ಮಾಸ್ಟರು ಕೋಲೂರುತ್ತ ಬಂದರು. ಅಮ್ಮನ ಕಾಲ ಬಳಿ ಹೂವಿಟ್ಟು ತುಸು ಹೊತ್ತು ನಿಂತರು.

“ಅರ್ಜಿ ಕೊಡದೆ ರಜಾ ಹಾಕಿದ್ದು ಇದೇ ಮೊದಲು,” ಎಂದರು. ಅಳುತ್ತಿದ್ದವರಲ್ಲಿ ಯಾರೋ ಕರವಸ್ತ್ರದೊಳಗೆ ನಕ್ಕರು. “ಒಂದು ಸಲ ನಾನೇ ಕೇಳಿದ್ದೆ. ಎಲ್ಲಾ ಸರಿ ಟೀಚರ್, ಗಂಟೆ ಹೊಡೆದ ಮೇಲೆ ಮೇಷ್ಟ್ರು ತರಗತಿಗೆ ಹೋಗೋಕೆ ಐದು ನಿಮಿಷ ಬೇಕಲ್ಲ, ಅದು ಪಟ್ಟೀಲಿ ಎಲ್ಲಿದೆ ಅಂತ. ಏನಂದ್ರು ಗೊತ್ತಾ? ‘ಅದು ನಮ್ಮದಲ್ಲ ಸಾರ್, ಮಕ್ಕಳದ್ದು. ಅದಕ್ಕೆ ಕೈ ಹಾಕಬೇಡಿ.’”

ಆಮೇಲೆ ತಮ್ಮನ ಹೆಗಲು ತಟ್ಟಿದರು. “ಕೊನೇ ಗಳಿಗೇಲಿ ನೀನಿದ್ದೆಯಂತೆ. ಪುಣ್ಯವಂತ ಕಣಯ್ಯ.”

ತಮ್ಮ ತನ್ನ ಕಾಲ್ಬೆರಳು ನೋಡಿದ. ಅವನಿಗೆ ಗಡಿಯಾರ ರಿಪೇರಿಯ ಅಂಗಡಿ. ಆದರೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಮನೆಯಲ್ಲಿ ಅವನ ಅಡ್ಡಹೆಸರು ಸಾವಕಾಶ. “ನಾಲ್ಕಕ್ಕೇ ಬಂದೆ ಸಾರ್,” ಎಂದ. ಬೆಳಿಗ್ಗೆಯಿಂದ ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದ.

*

ಹಿಂದಿನ ದಿನ ನಾಲ್ಕಕ್ಕೆ ಕೋಣೆಯಲ್ಲಿ ಬಿಸಿಲು ಪರದೆಯಲ್ಲಿ ಸೋಸಿ ಜೇನಿನ ಬಣ್ಣಕ್ಕೆ ತಿರುಗಿತ್ತು. ದೂಳಿನ ಕಣಗಳು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಮಗಳು ಹೊದಿಕೆ ಸರಿಪಡಿಸಿದಳು.

“ಗಂಟೆ ಆಯ್ತು, ಹೊರಡು,” ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

“ಅವನು ಬರಲಿ.”

“ಬಂದ. ಮೂಲೇಲಿ ಸ್ಕೂಟರ್ ಸದ್ದು ಕೇಳಿಸಲಿಲ್ವಾ? ನಿನ್ನ ಕಿವಿ ನನಗಿಂತ ಮುದಿಯಾಯ್ತು.”

ಅವಳಿಗೆ ಕೇಳಿಸಿರಲಿಲ್ಲ. ಆದರೂ ಚಪ್ಪಲಿ ಮೆಟ್ಟಿದಳು. ಊರನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುವ ಬಸ್ಸೊಂದಿತ್ತು. ಅದರ ಕೊನೆಯ ಸೀಟೇ ಅವಳ ಬಿಡುವು. ಇಳಿಯುವ ಜಾಗವಿಲ್ಲ, ಮಾತಾಡುವವರಿಲ್ಲ. ಮರಗಳು, ಅಂಗಡಿಗಳು, ಒಣಹಾಕಿದ ಬಟ್ಟೆಗಳು ಕನಸಿನಲ್ಲಿ ಹಾದಂತೆ ಹಾದುಹೋಗುತ್ತಿದ್ದವು. ನಿದ್ದೆ ಹತ್ತಿತು. ಫೋನು ಹೊಡೆದುಕೊಂಡಾಗ ತಾನು ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

*

ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲ ಮುಗಿದಿತ್ತು. ಸ್ಮಶಾನಕ್ಕೆ ಹೋಗಿದ್ದ ವ್ಯಾನು ಹಿಂದಿರುಗಿ, ಬಂದವರು ಚಹಾ ಕುಡಿದು ಹೋಗಿದ್ದರು. ಚಿಕ್ಕಮ್ಮ ಹಜಾರದ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆಹೋಗಿದ್ದಳು. ಮಗಳು ಅಮ್ಮನ ಕೋಣೆಗೆ ಬಂದಾಗ ತಮ್ಮ ಆಗಲೇ ಅಲ್ಲಿ ನಿಂತಿದ್ದ.

“ಒಂದು ಮಾತು ಕೇಳ್ಬೇಕಿತ್ತು,” ಎಂದ.

“ನಾನೂ ಕೇಳ್ಬೇಕು.”

“ಹಾಗಾದ್ರೆ ನೀನೇ ಮೊದಲು.”

“ಒಬ್ಬನೇ ಯಾಕೋ ಎತ್ತಿದೆ ಅವಳನ್ನ? ನನಗೊಂದು ಫೋನ್ ಮಾಡಿದ್ರೆ ವಾಪಸ್ ಬರ್ತಿರಲಿಲ್ವಾ?”

ತಮ್ಮ ಬೆರಗಾಗಿ ನೋಡಿದ. “ನಾನೆಲ್ಲಿ ಎತ್ತಿದೆ? ನೀನ್ಯಾಕೆ ಕುರ್ಚೀಲಿ ಕೂರಿಸಿ ಹೋದೆ ಅಂತ ನಾನು ಕೇಳೋಕಿದ್ದೆ.”

“ನಾನು ಹೋಗೋವಾಗ ಮಲಗಿದ್ಳು. ಹೊದಿಕೆ ಹೊದಿಸಿ ಹೋದೆ.” ಅವಳು ಬರಿದಾದ ಮಂಚದತ್ತ ತಿರುಗಿದಳು. “ನೀನು ಬರೋ ತನಕ ಕಾಯಲಿಲ್ಲ ಕಣೋ. ಅದು ನನ್ನ ತಪ್ಪು.”

“ಕಾದಿದ್ರೂ ನಾನು ಹೊತ್ತಿಗೆ ಬರ್ತಿರಲಿಲ್ಲ ಅಕ್ಕ.” ಅವನು ಮಂಚದ ಕಂಬಿ ಹಿಡಿದುಕೊಂಡ. “ನಾಲ್ಕಕ್ಕೆ ಬಂದೆ ಅಂದಿದ್ದು ಸುಳ್ಳು. ನಾಲ್ಕು ಇಪ್ಪತ್ತೊಂದು. ಬಾಗಿಲು ತೆಗೆದಾಗಲೇ ಕಿಟಕಿ ಹತ್ರ ಕೂತಿದ್ಳು. ಪರದೆ ಸರಿದಿತ್ತು. ನಿದ್ದೆ ಅಂದ್ಕೊಂಡು ಚಹಾ ಬೇಕಾ ಅಂತ ಕೇಳ್ದೆ.”

“ಸ್ಕೂಟರ್ ಸದ್ದು ಕೇಳಿಸ್ತು ಅಂದ್ಳಲ್ಲ ಅಮ್ಮ.”

“ಯಾವ ಸ್ಕೂಟರ್? ಅದು ಗ್ಯಾರೇಜಿಗೆ ಹೋಗಿ ಮೂರು ದಿನ ಆಯ್ತು. ನಡ್ಕೊಂಡು ಬರ್ತೀನಿ, ತಡ ಆಗುತ್ತೆ ಅಂತ ಅವಳಿಗೇ ಹೇಳಿದ್ದೆ.”

ಹಜಾರದಲ್ಲಿ ಚಿಕ್ಕಮ್ಮನ ಗೊರಕೆ ಒಮ್ಮೆ ನಿಂತು ಮತ್ತೆ ಶುರುವಾಯಿತು.

“ವಾಕರ್?” ಎಂದಳು ಅವಳು.

“ಬಾಗಿಲ ಹಿಂದೆ, ಮಡಚಿಟ್ಟ ಹಾಗೇ ಇತ್ತು. ಈಗಲೂ ಅಲ್ಲೇ ಇದೆ.”

ಇಬ್ಬರೂ ನೆಲ ನೋಡಿದರು. ಮಂಚಕ್ಕೂ ಕುರ್ಚಿಗೂ ನಡುವೆ ಹಿಡಿದುಕೊಳ್ಳಲು ಗೋಡೆ ಇರಲಿಲ್ಲ, ಮೇಜು ಇರಲಿಲ್ಲ. ಬರೀ ನೆಲ, ಅದರ ಮೇಲೆ ಚೆಲ್ಲಿದ ಮಧ್ಯಾಹ್ನದ ಬಿಸಿಲು. “ಒಬ್ಬಳೇ…” ಎಂದಳು ಅವಳು. ಮೊದಲು ತಮ್ಮನ ತುಟಿ ನಡುಗಿತು. ಅದು ಅಳುವೋ ನಗುವೋ ಅವನಿಗೇ ಗೊತ್ತಾದಂತಿರಲಿಲ್ಲ.

ಅವಳು ಹೊಲಿಗೆ ಡಬ್ಬಿಯಿಂದ ಟೇಪು ತಂದಳು. ತಮ್ಮ ಕೇಳದೆಯೇ ಅದರ ಒಂದು ತುದಿಯನ್ನು ಮಂಚದ ಕಾಲಿಗೆ ಒತ್ತಿ ಹಿಡಿದ. ಇನ್ನೊಂದು ತುದಿ ಹಿಡಿದು ಅವಳು ಕುರ್ಚಿಯತ್ತ ಹೊರಟಳು, ನಡುವಿನ ನೆಲವನ್ನು ತುಳಿಯದೆ ಗೋಡೆಯ ಬದಿಯಿಂದ ಸುತ್ತಿ. ಟೇಪು ಚಿಕ್ಕದಾಯಿತು; ಅದು ಮುಗಿದಲ್ಲಿ ಬೆರಳಿಟ್ಟು ಮತ್ತೆ ಹಾಸಿದರು. ಪ್ರಯೋಗಾಲಯದ ರೂಢಿಯಂತೆ ಎರಡು ಸಲ ಓದಿದಳು. ಎರಡು ಸಲವೂ ಒಂದೇ ಬಂತು.

ಎರಡು ಮೀಟರ್ ಅರವತ್ತೆಂಟು ಸೆಂಟಿಮೀಟರ್.